ಮಂದ್ರದಲ್ಲಿ ನಿಂತವರು: ಟೋಕ್ಯೋದ ಒಂದು ಸ್ಕಾ ಮೇಳ ಮತ್ತು ಅದರ ಬ್ಯಾರಿಟೋನ್ ಸ್ಯಾಕ್ಸೋಫೋನ್ ವಾದಕ

(ಸಂಗೀತಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾತು ಆರಂಭಿಸುವ ಮೊದಲು ಸಭಿಕರಲ್ಲಿ ಒಂದು ಸಣ್ಣ ವಿನಂತಿ. ದಯವಿಟ್ಟು ತೊಡೆಯ ಮೇಲೆ ಸ್ವಲ್ಪ ಚುರುಕಾಗಿ ತಾಳ ಹಾಕಿ. ಕೈ ತೊಡೆಯನ್ನು ತಾಕುವಾಗ ಬಾಯಿ ಮುಚ್ಚಿಕೊಂಡಿರಿ. ಕೈ ಮೇಲೆದ್ದ ಕ್ಷಣದಲ್ಲಿ ಮಾತ್ರ ‘ಚಕ್’ ಎನ್ನಿ. ಒಂದೆರಡು ಆವರ್ತ ಕಳೆಯುವಷ್ಟರಲ್ಲಿ ಕುತ್ತಿಗೆ ತಾನಾಗಿಯೇ ಆಡತೊಡಗುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ನಮ್ಮಲ್ಲಿ ಕೃತಿಯೊಂದು ಅನಾಗತ ಎಡುಪಿನಲ್ಲಿ ಹೊರಟಾಗ, ತಾಳದ ಪೆಟ್ಟು ಬಿದ್ದ ಮೇಲೆ ಅರ್ಧ ಎಣಿಕೆ ಬಿಟ್ಟು ಸಾಹಿತ್ಯ ಎತ್ತಿಕೊಂಡಾಗ, ಆಗುವ ಕಚಗುಳಿಯೂ ಇದೇ ಜಾತಿಯದು. ಆದರೆ ನಮ್ಮಲ್ಲಿ ಅದು ಆವರ್ತಕ್ಕೊಮ್ಮೆ ಬರುವ ಸೊಗಸು. ಸ್ಕಾ ಎಂಬ ಸಂಗೀತದಲ್ಲಿ ಪ್ರತಿಯೊಂದು ಎಣಿಕೆಯ ಬೆನ್ನಿಗೂ ಆ ‘ಚಕ್’ ಬೀಳುತ್ತಲೇ ಇರಬೇಕು, ಸಾಮಾನ್ಯವಾಗಿ ಗಿಟಾರಿನಲ್ಲಿ ಅಥವಾ ಪಿಯಾನೋದಲ್ಲಿ. ಜಪಾನಿನ ವಾದಕರು ಇದನ್ನು ‘ಉರಾ ಉಚಿ’ ಎನ್ನುತ್ತಾರೆ. ‘ಉರಾ’ ಎಂದರೆ ಹಿಂಬದಿ ಅಥವಾ ಒಳಮಗ್ಗುಲು, ‘ಉಚಿ’ ಎಂದರೆ ಹೊಡೆತ. ತಾಳದ ಹಿಂಬದಿಗೆ ಹೊಡೆಯುವುದು ಎಂಬ ಈ ಹೆಸರಿಗಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಈ ಸಂಗೀತ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಯಲ್ಲಿ. ಅಲ್ಲಿನ ಹಳ್ಳಿಗಾಡಿನ ಮೆಂಟೊ ಹಾಡುಗಳಲ್ಲಿ ಬ್ಯಾಂಜೊ ತಂತಿಯನ್ನು ತಾಳದ ನಡುವಿನ ಬಿಡುವಿನಲ್ಲಿ ಮೀಟುವ ರೂಢಿ ಮೊದಲೇ ಇತ್ತು. ಸಮುದ್ರದಾಚೆಯ ಅಮೆರಿಕದ ರೇಡಿಯೋ ಕೇಂದ್ರಗಳಿಂದ ನ್ಯೂ ಆರ್ಲಿಯನ್ಸಿನ ರಿದಂ ಅಂಡ್ ಬ್ಲೂಸ್ ತೇಲಿಬರುತ್ತಿತ್ತು. ಕಿಂಗ್‌ಸ್ಟನ್ ನಗರದ ಬಯಲುಗಳಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳನ್ನು ಪೇರಿಸಿ ಜನರನ್ನು ಕುಣಿಸುತ್ತಿದ್ದ ಸೌಂಡ್ ಸಿಸ್ಟಂಗಳ ಒಡೆಯರು, ಮುಖ್ಯವಾಗಿ ಕಾಕ್ಸನ್ ಡಾಡ್ ಮತ್ತು ಡ್ಯೂಕ್ ರೀಡ್, ಹೊರಗಿನ ಧ್ವನಿಮುದ್ರಿಕೆಗಳು ಸಾಲದಾದಾಗ ಸ್ಥಳೀಯ ವಾದಕರನ್ನೇ ಕರೆಸಿ ಮುದ್ರಿಸತೊಡಗಿದರು. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾಗುವ ವೇಳೆಗೆ ಆ ದ್ವೀಪಕ್ಕೆ ತನ್ನದೇ ಆದ ಕುಣಿತದ ಸಂಗೀತ ದಕ್ಕಿತ್ತು. ಆ ವಾದಕರಲ್ಲಿ ಹಲವರು ಆಲ್ಫಾ ಬಾಯ್ಸ್ ಸ್ಕೂಲ್ ಎಂಬ ಶಾಲೆಯಲ್ಲಿ ಕಲಿತವರು. ದಿಕ್ಕಿಲ್ಲದ ಹುಡುಗರಿಗಾಗಿ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಈ ಶಾಲೆಯಲ್ಲಿ ಬಡಗಿ ಕೆಲಸ, ಮುದ್ರಣಗಳ ಜೊತೆಗೆ ಬ್ಯಾಂಡ್ ವಾದನವನ್ನೂ ಕಲಿಸುತ್ತಿದ್ದರು. ಅಲ್ಲಿಂದ ಬಂದ ಟಾಮಿ ಮೆಕುಕ್, ಡಾನ್ ಡ್ರಮಂಡ್ ಮೊದಲಾದವರು 1964ರಲ್ಲಿ ಕಟ್ಟಿದ ಸ್ಕಾಟಲೈಟ್ಸ್ ಮೇಳ ಮೊದಲ ಅವಧಿಯಲ್ಲಿ ಬಾಳಿದ್ದು ಒಂದು ವರ್ಷದ ಮೇಲೆ ಕೆಲವೇ ತಿಂಗಳು. ಆದರೂ ಸ್ಕಾ ಮೇಳ ಎಂದರೆ ಹೇಗಿರಬೇಕು, ಮುಂದಿನ ಸಾಲಿನಲ್ಲಿ ಊದುವಾದ್ಯಗಳು, ಹಿಂದೆ ತಾಳದವರು, ಗಾಯಕನಿದ್ದರೂ ಸರಿ ಇಲ್ಲದಿದ್ದರೂ ಸರಿ ಎಂಬ ಅಚ್ಚು ಅಲ್ಲಿಯೇ ಸಿದ್ಧವಾಯಿತು. ಟೋಕ್ಯೋದ ಮೇಳ ನೇರವಾಗಿ ಆ ಅಚ್ಚಿನಿಂದಲೇ ಎರಕ ಹೊಯ್ದದ್ದು.

ಜಪಾನಿಗೆ ಸ್ಕಾ ತಲುಪಿದ ದಾರಿ ಮಾತ್ರ ಸುತ್ತುಬಳಸಿನದು. 1979ರ ಸುಮಾರಿಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಕಪ್ಪು ಬಿಳುಪು ಚೌಕಳಿಯ ಟೂ ಟೋನ್ ಚಳವಳಿ ಹಳೆಯ ಸ್ಕಾಕ್ಕೆ ಮರುಜೀವ ಕೊಟ್ಟಿತು. ಅದೇ ಅಲೆಯ ಲಂಡನ್ನಿನ ಮ್ಯಾಡ್‌ನೆಸ್ ಮೇಳವನ್ನು 1981ರಲ್ಲಿ ಹೋಂಡಾ ಕಂಪನಿ ತನ್ನ ಸಿಟಿ ಎಂಬ ಪುಟ್ಟ ಕಾರಿನ ಟಿವಿ ಜಾಹೀರಾತಿಗೆ ಕರೆತಂದಿತು. ಸಾಲಾಗಿ ನಿಂತು ವಿಚಿತ್ರವಾಗಿ ಹೆಜ್ಜೆ ಹಾಕುತ್ತ ಕಾರಿನ ಹೆಸರು ಕೂಗುವ ಈ ಆಂಗ್ಲರನ್ನು ಕಂಡು ಒಂದು ತಲೆಮಾರಿನ ಜಪಾನಿ ಮಕ್ಕಳು ಸ್ಕಾ ಎಂಬ ಪದ ಗೊತ್ತಿಲ್ಲದೆಯೇ ಸ್ಕಾ ಕುಣಿದರು. ಜಾಹೀರಾತಿನ ಬಾಗಿಲಿನಿಂದ ಒಳಬಂದ ಸಂಗೀತವನ್ನು ಹಗುರವಾಗಿ ಕಾಣುವ ವಿಮರ್ಶಕರಿದ್ದಾರೆ. ಬಂದ ಬಾಗಿಲು ಯಾವುದಾದರೇನು, ಬಂದವರನ್ನು ಹೇಗೆ ನಡೆಸಿಕೊಂಡರು ಎಂಬುದೇ ನನಗೆ ಮುಖ್ಯವೆನಿಸುತ್ತದೆ. 1980ರ ದಶಕದ ನಡುವಿನಲ್ಲಿ ಟೋಕ್ಯೋದಲ್ಲಿ ಸ್ಕಾ ಫ್ಲೇಮ್ಸ್ ಎಂಬ ಮೇಳ ಜಮೈಕಾದ ಮೂಲ ಶೈಲಿಯನ್ನು ಶ್ರದ್ಧೆಯಿಂದ ನುಡಿಸತೊಡಗಿತ್ತು. ಅದೇ ದಶಕದಲ್ಲಿ ಅಸಾ ಚಾಂಗ್ ಎಂಬ ತಾಳವಾದಕರ ಮುಂದಾಳತ್ವದಲ್ಲಿ ಇನ್ನೊಂದು ಗುಂಪು ಸೇರಿತು. ಅದರ ಹೆಸರೇ ಟೋಕ್ಯೋ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ. 1989ರಲ್ಲಿ ಅದರ ಮೊದಲ ಧ್ವನಿಮುದ್ರಿಕೆ ಬಂತು, 1990ರಲ್ಲಿ ದೊಡ್ಡ ಕಂಪನಿಯಿಂದ ಮೊದಲ ಆಲ್ಬಮ್ ಹೊರಬಿತ್ತು. ಎಲ್ಲರೂ ಒಂದೇ ಬಣ್ಣದ ಸೂಟು ತೊಟ್ಟು, ಸುಮಾರು ಹತ್ತು ಜನ ಒಟ್ಟಿಗೆ ವೇದಿಕೆಗೆ ನುಗ್ಗುವ ಈ ಗುಂಪನ್ನು ಅಭಿಮಾನಿಗಳು ಮೊಟಕಾಗಿ ‘ಸುಕಪರ’ ಎನ್ನುತ್ತಾರೆ.

ಈ ಮೊಟಕು ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದುವರಿಯುತ್ತೇನೆ, ಏಕೆಂದರೆ ಮುಂದೆ ಇದು ಬೇಕಾಗುತ್ತದೆ. ಜಪಾನಿ ಭಾಷೆ ಮಾತ್ರೆಗಳ ಲೆಕ್ಕದಲ್ಲಿ ನಡೆಯುವ ಭಾಷೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಲಘು ಗುರುಗಳನ್ನು ಬಲ್ಲ ನಮಗೆ ಇದು ಹೊಸದಲ್ಲ. ‘ಟೋಕ್ಯೋ’ ಎಂಬುದಕ್ಕೆ ನಮ್ಮ ಛಂದಸ್ಸಿನಲ್ಲಿ ಪ್ರಸ್ತಾರ ಹಾಕಿದರೆ ಎರಡು ಗುರು, ನಾಲ್ಕು ಮಾತ್ರೆ. ಜಪಾನಿಯರೂ ಅದನ್ನು ನಾಲ್ಕೆಂದೇ ಎಣಿಸುತ್ತಾರೆ. ಉದ್ದದ ಹೆಸರುಗಳನ್ನು ನಾಲ್ಕು ಮಾತ್ರೆಗೆ ಕತ್ತರಿಸುವುದು ಅವರ ರೂಢಿ, ನಮ್ಮ ಮಕ್ಕಳಿಗೂ ಗೊತ್ತಿರುವ ‘ಪೊಕೆಮೊನ್’ ಹುಟ್ಟಿದ್ದು ಹಾಗೆಯೇ. ಸು, ಕ, ಪ, ರ, ನಾಲ್ಕು ಲಘು. ಹೆಸರೇ ಒಂದು ಚತುರಶ್ರ ಗತಿ.

ಈಗ ವಾದ್ಯಕ್ಕೆ ಬರುತ್ತೇನೆ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು ಒಂದು ವಾದ್ಯಕ್ಕಲ್ಲ, ಇಡೀ ಒಂದು ಕುಟುಂಬಕ್ಕೆ. ಅದರಲ್ಲಿ ಕನ್ನಡಿಗರಿಗೆ ಅತ್ಯಂತ ಪರಿಚಿತವಾದದ್ದು ಆಲ್ಟೊ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥ್ ಅವರು ಎಷ್ಟೋ ವರ್ಷ ಅದರೊಂದಿಗೆ ಸೆಣಸಿ, ಗಮಕಗಳನ್ನು ಅದರಿಂದ ಹೊರಡಿಸಿದ ಕಥೆ ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಇಂದು ದಕ್ಷಿಣ ಕನ್ನಡದ ಮದುವೆ, ಜಾತ್ರೆಗಳಲ್ಲಿ ಡೋಲಿನ ಪಕ್ಕದಲ್ಲಿ ಸ್ಯಾಕ್ಸೋಫೋನ್ ಕೇಳದಿದ್ದರೆ ಏನೋ ಕೊರತೆ ಎನಿಸುತ್ತದೆ. ನಾನು ಇಂದು ಹೇಳಹೊರಟಿರುವುದು ಆ ಆಲ್ಟೊಗಿಂತ ಒಂದು ಸ್ಥಾಯಿ ಕೆಳಗಿರುವ ಅಣ್ಣನ ಬಗ್ಗೆ. ಬ್ಯಾರಿಟೋನ್ ಸ್ಯಾಕ್ಸೋಫೋನಿನ ಬೆರಳಿಡುವ ಕ್ರಮ ಆಲ್ಟೊದ್ದೇ, ಬರೆಯುವ ಸ್ವರಲಿಪಿಯೂ ಅದೇ ರೀತಿಯದು. ಆದರೆ ಕೊಳವೆಯನ್ನು ಬಿಚ್ಚಿ ನೇರವಾಗಿ ಚಾಚಿದರೆ ಎರಡು ಮೀಟರಿಗೂ ಉದ್ದ. ಅಷ್ಟು ಉದ್ದವನ್ನು ಕೈಗೆಟಕುವಂತೆ ಮಾಡಲು ಮೇಲ್ಭಾಗದಲ್ಲಿ ಕೊಳವೆಯನ್ನು ಒಂದು ಪೂರ್ತಿ ಸುತ್ತು ಸುತ್ತಿಸಿರುತ್ತಾರೆ. ದೂರದಿಂದಲೇ ಬ್ಯಾರಿಟೋನನ್ನು ಗುರುತಿಸಲು ಈ ಸುತ್ತು ಸಾಕು.

ಪರಿಚಿತ ವಾದಕರೊಬ್ಬರ ಮನೆಯಲ್ಲಿ ಒಮ್ಮೆ ಅದನ್ನು ಕೊರಳಿಗೆ ಹಾಕಿಕೊಂಡು ನೋಡಿದ್ದೇನೆ. ಐದಾರು ಕಿಲೋ ತೂಕ ಎಂದು ಓದುವುದು ಬೇರೆ, ಆ ತೂಕವೆಲ್ಲ ಒಂದು ಪಟ್ಟಿಯ ಮೂಲಕ ಕತ್ತಿನ ಹಿಂಬದಿಯ ಎಲುಬಿನ ಮೇಲೆ ಕೂರುವುದು ಬೇರೆ. ಹತ್ತು ನಿಮಿಷದಲ್ಲಿ ನನ್ನ ಬೆನ್ನು ಬಾಗಿತು. ಊದಿದಾಗ ಮೊದಲಿಗೆ ಬಂದದ್ದು ಗಾಳಿಯ ಸದ್ದು ಮಾತ್ರ. ಆಲ್ಟೊದಲ್ಲಿ ತುಟಿ ಬಿಗಿದಂತೆ ಇಲ್ಲಿ ಬಿಗಿದರೆ ಕೆಳಗಿನ ಸ್ವರಗಳು ಹೊರಡುವುದೇ ಇಲ್ಲ. ದವಡೆ ಸಡಿಲಿಸಿ, ಗಂಟಲನ್ನು ಆಕಳಿಸುವಾಗಿನಂತೆ ತೆರೆದು, ಗಾಳಿಯನ್ನು ಧಾರಾಳವಾಗಿ ಸುರಿಯಬೇಕು. ಆಮೇಲೆ ಬಂತು ಒಂದು ಸ್ವರ. ಕಿವಿಗೆ ಕೇಳಿಸುವ ಮೊದಲೇ ಅದು ಎದೆಗೂಡಿಗೂ, ಕೂತಿದ್ದ ಕುರ್ಚಿಯ ಹಲಗೆಗೂ ತಿಳಿಯಿತು. ಹಾರ್ಮೋನಿಯಮ್ಮಿನ ಬಿಳಿ ಒಂದನ್ನು ಷಡ್ಜವಾಗಿ ಹಿಡಿಯುವ ಗಾಯಕರು ಮಂದ್ರ ಷಡ್ಜಕ್ಕೆ ಇಳಿದಾಗ ಎಲ್ಲಿ ನಿಲ್ಲುತ್ತಾರೋ, ಸುಮಾರು 65 ಹರ್ಟ್ಸ್, ಅದು ಈ ವಾದ್ಯದ ಅತ್ಯಂತ ಕೆಳಗಿನ ಸ್ವರ.

ಇದರಿಂದ ಸ್ಕಾ ವಾದಕನಿಗೆ ಒಂದು ವಿಶೇಷ ಕಷ್ಟ ಒದಗುತ್ತದೆ. ಉದ್ದನೆಯ, ಅಗಲವಾದ ಕೊಳವೆಯಲ್ಲಿ ಗಾಳಿ ಕಂಪಿಸಿ ಸ್ವರವಾಗಿ ನಿಲ್ಲಲು ಟ್ರಂಪೆಟ್ಟಿನಲ್ಲಿ ಬೇಕಾದುದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಸ್ಕಾ ಕೇಳುವುದು ತದ್ವಿರುದ್ಧವಾದದ್ದನ್ನು: ಕತ್ತರಿಸಿದಂತಹ ತುಂಡು ಸ್ವರಗಳು, ಅದೂ ಓಡುವ ಲಯದಲ್ಲಿ, ಅದೂ ತಾಳದ ಹಿಂಬದಿಯ ಬಿಡುವಿನಲ್ಲಿ. ಎಲ್ಲರೊಂದಿಗೆ ಸರಿಯಾಗಿ ಬೀಳಬೇಕಾದರೆ ಬ್ಯಾರಿಟೋನ್ ವಾದಕ ಎಲ್ಲರಿಗಿಂತ ತುಸು ಮೊದಲೇ ಹೊರಡಬೇಕು. ನಿಂತ ನೀರಿನಂತಹ ಲಯದಲ್ಲಿ ಈ ವಾದ್ಯ ರಾಜಗಾಂಭೀರ್ಯದಿಂದ ಮೆರೆಯುತ್ತದೆ, ಅಮೆರಿಕದ ಜಾಜ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ನರ ಮೇಳದಲ್ಲಿ 1927ರಿಂದ ನಾಲ್ಕೂವರೆ ದಶಕ ಅದನ್ನು ನುಡಿಸಿದ ಹ್ಯಾರಿ ಕಾರ್ನಿಯವರ ನಾದ ಅದಕ್ಕೆ ಸಾಕ್ಷಿ. ಸ್ಕಾದಲ್ಲಿ ಆನೆಗೆ ಕುದುರೆಯ ನಡಿಗೆ ಕಲಿಸಿದಂತೆ.

ಸುಕಪರದಲ್ಲಿ ಈ ಆನೆಯನ್ನು ನಡೆಸುವವರು ಯನಕ ಅತ್ಸುಶಿ. ಜಪಾನಿನ ಪದ್ಧತಿಯಂತೆ ಮನೆತನದ ಹೆಸರನ್ನು ಮೊದಲು ಹೇಳುತ್ತಿದ್ದೇನೆ. 1966ರ ಡಿಸೆಂಬರ್ 25ರಂದು ಟೋಕ್ಯೋದಲ್ಲಿ ಹುಟ್ಟಿದ ಇವರು ಮೊದಲ ಧ್ವನಿಮುದ್ರಿಕೆಯ ಕಾಲದಿಂದಲೂ ಮೇಳದಲ್ಲಿದ್ದಾರೆ. ನೀಳಕಾಯ, ಸೂಟು, ಹೆಚ್ಚಾಗಿ ಕಪ್ಪು ಕನ್ನಡಕ. ಬೇರೆ ವಾದಕರು ಕೊರಳಲ್ಲಿ ತೂಗುಬಿಟ್ಟುಕೊಂಡು ನಿಲ್ಲುವ ಆ ಹಿತ್ತಾಳೆಯ ರಾಶಿಯನ್ನು ಇವರು ಎತ್ತಿ ಹಿಡಿಯುತ್ತಾರೆ, ತಿರುಗುತ್ತಾರೆ, ವೇದಿಕೆಯ ಅಂಚಿಗೆ ಓಡುತ್ತಾರೆ. ಕಾರ್ಯಕ್ರಮದ ನಡುವೆ ಮೈಕ್ ಹಿಡಿದು ಪ್ರೇಕ್ಷಕರನ್ನು ಕೂಗಿ ಕರೆಯುವವರೂ ಇವರೇ. ‘ಹೋರಾಡುವ ಹಾಗೆ ಆನಂದಪಡಿ’ ಎಂಬರ್ಥದ ಅವರ ಕೂಗು ಈಗ ಮೇಳದ ಗುರುತೇ ಆಗಿದೆ. ಮೊದಲು ಕೇಳಿದಾಗ ಇದು ನನಗೆ ವೇದಿಕೆಯ ಅಬ್ಬರದ ಮಾತಾಗಿ ಕಂಡಿತ್ತು. ಮೇಳದ ನಡುಗಾಲದ ಚರಿತ್ರೆ ಓದಿದ ಮೇಲೆ ಹಾಗೆ ಕಾಣುವುದನ್ನು ಬಿಟ್ಟಿತು.

ಆ ನಡುಗಾಲ ಕಷ್ಟದ್ದು. 1993ರಲ್ಲಿ ಸ್ಥಾಪಕ ಅಸಾ ಚಾಂಗ್ ಹೊರಟುಹೋದರು. 1995ರಲ್ಲಿ ಕ್ಲೀನ್‌ಹೆಡ್ ಗಿಮುರಾ ತೀರಿಕೊಂಡರು. ಹಾಡುತ್ತ, ಕೂಗುತ್ತ, ಸಭೆಯನ್ನು ಹುರಿದುಂಬಿಸುತ್ತಿದ್ದ ಅವರೇ ಮೇಳದ ಬಾಯಿಯಾಗಿದ್ದರು. 1999ರಲ್ಲಿ ಡ್ರಮ್ ವಾದಕ ಅಓಕಿ ತತ್ಸುಯುಕಿ ಇಲ್ಲವಾದರು. ಬಾಯಿಯೂ ಹೋಗಿ, ಎದೆಬಡಿತವೂ ನಿಂತ ಮೇಲೆ ಮೇಳವೊಂದು ಮುಚ್ಚಿಕೊಂಡರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅದೇ 1999ರ ಮಾರ್ಚ್‌ನಲ್ಲಿ ಟೋಕ್ಯೋದ ಇನ್ನೊಂದು ಮೇಳವಾದ ಫಿಶ್‌ಮನ್ಸ್ ತನ್ನ ಗಾಯಕ ಸಾತೊ ಶಿಂಜಿ ಅವರನ್ನು ಕಳೆದುಕೊಂಡಿತ್ತು. ಅದರ ಡ್ರಮ್ ವಾದಕ ಮೊತೆಗಿ ಕಿನಿಚಿ ಸುಕಪರಕ್ಕೆ ನೆರವಾಗಲು ಬಂದು, 2001ರಲ್ಲಿ ಪೂರ್ಣ ಸದಸ್ಯರಾದರು. ಗಾಯಕನಿಲ್ಲದ ಡ್ರಮ್ ವಾದಕ, ಡ್ರಮ್ ವಾದಕನಿಲ್ಲದ ಮೇಳ. ಇದಕ್ಕೆ ನಾನು ಹೆಚ್ಚು ಬಣ್ಣ ಹಚ್ಚುವುದಿಲ್ಲ.

ನನ್ನ ಇಂದಿನ ಮಾತಿನ ತಿರುಳು ಇರುವುದು ಆನಂತರ ನಡೆದದ್ದರಲ್ಲಿ. 2001ರಿಂದ ಮುಂದೆ ಮೇಳದಲ್ಲಿ ಕಾಯಂ ಗಾಯಕನನ್ನು ಅವರು ಇಟ್ಟುಕೊಳ್ಳಲಿಲ್ಲ. ವಾದ್ಯಸಂಗೀತದ ಮೇಳವಾಗಿಯೇ ಉಳಿದು, ಹಾಡೊಂದಕ್ಕೆ ಹೊರಗಿನ ಒಬ್ಬ ಗಾಯಕನನ್ನು ಅತಿಥಿಯಾಗಿ ಕರೆಯುವ ದಾರಿ ಹಿಡಿದರು. 2001 ಮತ್ತು 2002ರಲ್ಲಿ ಹೀಗೆ ಮೂರು ಹಾಡುಗಳು ಬಂದವು. ‘ಸುಲಿದ ಕಿತ್ತಳೆ’ ಎಂಬರ್ಥದ ಶೀರ್ಷಿಕೆಯದನ್ನು ಒರಿಜಿನಲ್ ಲವ್ ಎಂಬ ಮೇಳದ ತಜಿಮ ತಕಾಒ ಹಾಡಿದರು, ‘ಕ್ಯಾನರಿ ಹಾಡುವ ಆಗಸ’ವನ್ನು ಮಿಷೆಲ್ ಗನ್ ಎಲಿಫೆಂಟ್ ಮೇಳದ ಚಿಬ ಯೂಸುಕೆ, ‘ಚೆಲುವಾಗಿ ಉರಿಯುವ ಕಾಡು’ ಎಂಬುದನ್ನು ಯೂನಿಕಾರ್ನ್ ಮೇಳದ ಒಕುದ ತಮಿಒ. ಮೂವರದ್ದೂ ಮೂರು ದಿಕ್ಕಿನ ಕಂಠ: ತಜಿಮ ಅವರದು ಅಮೆರಿಕದ ಸೋಲ್ ಸಂಗೀತದ ಶೈಲಿಯ ನುಣುಪಾದ ಕಂಠ, ಚಿಬ ಅವರದು ಮರಳುಕಾಗದದಿಂದ ಉಜ್ಜಿದಂತಹದು, ಒಕುದ ಅವರದು ಪಕ್ಕದ ಮನೆಯವರು ಸಂಜೆ ಹೊತ್ತು ಗುನುಗಿದಂತಹ ನಿರಾಳ ದನಿ. ಈ ಮೂರು ಹಾಡುಗಳ ಸಾಹಿತ್ಯವನ್ನೂ ಬರೆದವರು ಒಬ್ಬರೇ, ಬ್ಯಾರಿಟೋನ್ ವಾದಕ ಯನಕ. ಅಂದಿನಿಂದ ಈ ಮೇಳದ ಹಾಡುಗಳಿಗೆ ಮಾತು ಬರೆಯುವ ಹೊಣೆ ಬಹುಮಟ್ಟಿಗೆ ಅವರದಾಗಿದೆ.

ವಾದ್ಯವೃಂದದ ಅತ್ಯಂತ ಕೆಳಗಿನ ಸ್ವರ ಹಿಡಿದವರು ಹೀಗೆ ಕವಿಯಾದದ್ದು ಕಾಕತಾಳೀಯವೆಂದು ಬದಿಗಿಡಬಹುದು. ನನಗೆ ಹಾಗೆ ಅನಿಸುವುದಿಲ್ಲ, ಕಾರಣ ಹೇಳುತ್ತೇನೆ. ಬ್ಯಾರಿಟೋನ್ ವಾದಕನಿಗೆ ಪ್ರಧಾನ ರಾಗ ಸಿಗುವುದು ಅಪರೂಪ. ಟ್ರಂಪೆಟ್ ಮೇಲೆ ಹಾರುತ್ತಿರುವಾಗ, ಟೆನರ್ ಸ್ಯಾಕ್ಸೋಫೋನ್ ಮತ್ತು ಟ್ರಾಂಬೋನ್ ನಡುವಿನ ಜಾಗವನ್ನು ತುಂಬುತ್ತಿರುವಾಗ, ಬ್ಯಾರಿಟೋನ್ ತಳಪಾಯದ ಸ್ವರವನ್ನು ಹಿಡಿದಿರುತ್ತದೆ. ಮೇಲಿನವರ ವಾದನದಲ್ಲಿ ಎಲ್ಲಿ ಉಸಿರಿದೆ, ಎಲ್ಲಿ ತೆರಪಿದೆ, ಯಾವ ಸ್ವರದ ಕೆಳಗೆ ಏನಿಟ್ಟರೆ ಅದು ಎದ್ದು ನಿಲ್ಲುತ್ತದೆ ಎಂಬುದನ್ನು ಪ್ರತಿ ರಾತ್ರಿ ಕೇಳಿಸಿಕೊಳ್ಳುವುದೇ ಅವನ ಕಸುಬು. ಬೇರೊಬ್ಬರ ಕಂಠಕ್ಕೆ ಮಾತು ಹೊಂದಿಸುವ ಸಾಹಿತ್ಯಕಾರ ಮಾಡುವುದೂ ಅದನ್ನೇ. ಜಪಾನಿಯಲ್ಲಿ ಒಂದು ಸ್ವರಕ್ಕೆ ಒಂದು ಮಾತ್ರೆ ಕೂರಿಸುವುದು ಸಾಮಾನ್ಯ ಕ್ರಮ. ಊದುವಾದ್ಯಕ್ಕಾಗಿ ಹುಟ್ಟಿದ ರಾಗದಲ್ಲಿ ತುಂಡು ಸ್ವರಗಳು ಎಡೆಬಿಡದೆ ಸುರಿಯುತ್ತವೆ, ಅಷ್ಟು ಮಾತ್ರೆಗಳನ್ನು ಗಾಯಕ ಉಸಿರುಗಟ್ಟದೆ ಹಾಡಬೇಕು, ಅರ್ಥವೂ ಉಳಿಯಬೇಕು. ಊದಿ ಊದಿ ಉಸಿರಿನ ಬೆಲೆ ತಿಳಿದವರು ಬರೆದ ಸಾಲುಗಳು ಹಾಡುವವರ ಎದೆಗೆ ಭಾರವಾಗುವುದಿಲ್ಲ ಎಂಬುದು ನಾನು ಈ ಹಾಡುಗಳನ್ನು ಕೇಳಿ ಕಂಡುಕೊಂಡದ್ದು. ಇದು ನನ್ನ ಓದು, ಅವರ ಹೇಳಿಕೆಯಲ್ಲ.

ಮತ್ತೊಂದು ಸೂಕ್ಷ್ಮವಿದೆ. ಈ ಹಾಡುಗಳಲ್ಲಿ ಬರೆದವರು ಎಂದಿಗೂ ಮುಂದೆ ಬರುವುದಿಲ್ಲ. ಮಾತು ಯನಕ ಅವರದು, ದನಿ ಅತಿಥಿಯದು. ಅತಿಥಿ ಹಾಡುತ್ತಿರುವಾಗ ಅವರು ಪಕ್ಕದಲ್ಲಿ ನಿಂತು ತಾವೇ ಬರೆದ ಸಾಲಿನ ಕೆಳಗೆ ಮಂದ್ರದ ಸ್ವರ ಊದುತ್ತಿರುತ್ತಾರೆ. ಹರಿಕಥೆಯಲ್ಲಿ ದಾಸರ ಹಿಂದೆ ಕೂತು ಶ್ರುತಿ ಹಿಡಿದವರೇ ಪದ್ಯಗಳನ್ನೂ ಕಟ್ಟಿಕೊಟ್ಟಿದ್ದಾರೆ ಎಂದು ಗೊತ್ತಾದರೆ ನಮಗೆ ಹೇಗನಿಸೀತೋ ಹಾಗೆ. ಚಿಬ ಯೂಸುಕೆ 2023ರ ನವೆಂಬರ್‌ನಲ್ಲಿ ತೀರಿಕೊಂಡರು. ಆ ಕ್ಯಾನರಿಯ ಹಾಡನ್ನು ಈಗ ಕೇಳುವಾಗ ಮೇಲಿನ ಒರಟು ಕಂಠ ಇಲ್ಲವಾದವರದು, ಕೆಳಗಿನ ಉಸಿರು ಇರುವವರದು ಎಂಬ ಅರಿವು ತಪ್ಪಿಸಿಕೊಳ್ಳಲಾಗುವುದಿಲ್ಲ.

2008ರಲ್ಲಿ ಆಲ್ಟೊ ನುಡಿಸುತ್ತಿದ್ದ ಹಿಯಮುತ ತತ್ಸುಯುಕಿ ಮೇಳವನ್ನು ಬಿಟ್ಟರು. ಅಲ್ಲಿಂದಾಚೆಗೆ ಬಹುಕಾಲ ಮೇಳ ನಡೆದದ್ದು ಒಂಬತ್ತು ಜನರಿಂದ: ಮುಂದಿನ ಸಾಲಿನಲ್ಲಿ ಟ್ರಂಪೆಟ್, ಟ್ರಾಂಬೋನ್, ಟೆನರ್, ಬ್ಯಾರಿಟೋನ್ ಎಂಬ ನಾಲ್ವರು, ಹಿಂದೆ ಗಿಟಾರ್, ಕೀಬೋರ್ಡ್, ಬಾಸ್, ಡ್ರಮ್, ಪರ್ಕಷನ್ ಎಂಬ ಐವರು. ಆಲ್ಟೊ ಹೋದದ್ದರಿಂದ ಸ್ಯಾಕ್ಸೋಫೋನ್ ಕುಟುಂಬದ ಭಾರ ಕೆಳಗೆ ಸರಿಯಿತು. ನಾಲ್ಕೇ ಊದುವಾದ್ಯಗಳಿದ್ದಾಗ ಯಾವ ಒಂದನ್ನು ತೆಗೆದರೂ ಗೋಡೆ ವಾಲುತ್ತದೆ. 2008ರ ಹಿಂದಿನ ಮತ್ತು ಮುಂದಿನ ಧ್ವನಿಮುದ್ರಣಗಳನ್ನು ಒಂದರ ಹಿಂದೊಂದು ಕೇಳಿದರೆ, ನಂತರದವುಗಳಲ್ಲಿ ಬ್ಯಾರಿಟೋನ್ ಹೆಚ್ಚು ನಿಚ್ಚಳವಾಗಿರುವುದು ನನ್ನ ಕಿವಿಗಂತೂ ಕೇಳಿಸುತ್ತದೆ.

ಹೊರದೇಶಗಳ ಸಂಗತಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಯೂರೋಪು, ಮೆಕ್ಸಿಕೊ, ದಕ್ಷಿಣ ಅಮೆರಿಕಗಳಲ್ಲಿ ಈ ಮೇಳ ಸುತ್ತಿದೆ, 2013ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ನುಡಿಸಿದೆ. ಜಮೈಕಾದ ಸಂಗೀತವನ್ನು ಜಪಾನಿಯರು ನುಡಿಸುವುದನ್ನು ಮೆಕ್ಸಿಕೊದ ಯುವಜನ ಕುಣಿದು ಆಸ್ವಾದಿಸುವುದರಲ್ಲಿ ಯಾರಿಗೂ ಅಸಹಜತೆ ಕಾಣದಿರುವುದು ನನಗೆ ಇಷ್ಟವಾದ ಸಂಗತಿ. ಅವರು ತಮ್ಮ ಶೈಲಿಯನ್ನು ಜಮೈಕನ್ ಎಂದು ಹೇಳಿಕೊಳ್ಳುವುದೂ ಇಲ್ಲ, ‘ಟೋಕ್ಯೋ ಸ್ಕಾ’ ಎನ್ನುತ್ತಾರೆ. ಜಾಜ್, ರಾಕ್, ಲ್ಯಾಟಿನ್, ಹಳೆಯ ಜಪಾನಿ ಚಿತ್ರಗೀತೆಗಳ ಛಾಯೆ ಎಲ್ಲವೂ ಅದರೊಳಗೆ ಸೇರಿದೆ.

ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಜಪಾನಿನ ಶಾಲೆಗಳಲ್ಲಿ. ಅಲ್ಲಿ ಶಾಲೆ ಬಿಟ್ಟ ಮೇಲಿನ ಚಟುವಟಿಕೆಗಳಲ್ಲಿ ಊದುವಾದ್ಯಗಳ ಬ್ಯಾಂಡಿಗೆ, ಅಂದರೆ ‘ಸುಯಿಸೋಗಕು’ ಎಂಬುದಕ್ಕೆ, ದೊಡ್ಡ ಸ್ಥಾನವಿದೆ. ರಾಷ್ಟ್ರಮಟ್ಟದ ಸ್ಪರ್ಧೆಗಾಗಿ ಮಕ್ಕಳು ವರ್ಷವಿಡೀ ತಾಲೀಮು ಮಾಡುತ್ತಾರೆ. ಆ ಬ್ಯಾಂಡುಗಳಲ್ಲಿ ಬ್ಯಾರಿಟೋನ್ ಸಾಮಾನ್ಯವಾಗಿ ಯಾರೂ ತಾನಾಗಿ ಕೇಳಿ ಪಡೆಯುವ ವಾದ್ಯವಲ್ಲ. ಎಲ್ಲರಿಗೂ ಟ್ರಂಪೆಟ್ಟೋ ಆಲ್ಟೊವೋ ಬೇಕು. ಕೈ ಉದ್ದವಿರುವ, ಮೈಕಟ್ಟು ಗಟ್ಟಿಯಿರುವ ಮಗುವಿನ ಕೊರಳಿಗೆ ಮೇಷ್ಟರು ಬ್ಯಾರಿಟೋನ್ ತಗುಲಿಸುತ್ತಾರೆ. ಅಂತಹ ಮಗುವಿಗೆ ಯನಕ ಅವರನ್ನು ವೇದಿಕೆಯ ಮೇಲೆ ಕಾಣುವುದು ಏನಾಗಿರಬಹುದೆಂದು ಊಹಿಸಬಲ್ಲೆ. ಸುಕಪರದ ರಚನೆಗಳು ಈಗ ಶಾಲಾ ಬ್ಯಾಂಡುಗಳ ಬತ್ತಳಿಕೆಯಲ್ಲಿವೆ. ನಿಶಿನೊಮಿಯಾದ ಕೋಶಿಎನ್ ಮೈದಾನ ಪ್ರೌಢಶಾಲಾ ಬೇಸ್‌ಬಾಲ್ ಪಂದ್ಯಾವಳಿಯ ಕಾಶಿ ಇದ್ದಂತೆ. ಅಲ್ಲಿನ ಗ್ಯಾಲರಿಗಳಲ್ಲಿ ಆಗಸ್ಟಿನ ಬಿಸಿಲಿಗೆ ಬೆವರುತ್ತ ತಮ್ಮ ಶಾಲೆಯ ತಂಡಕ್ಕಾಗಿ ಊದುವ ಬ್ಯಾಂಡುಗಳಿಲ್ಲದ ಪಂದ್ಯವನ್ನು ಜಪಾನಿಯರು ಕಲ್ಪಿಸಿಕೊಳ್ಳಲಾರರು. 1924ರಲ್ಲಿ ತೆರೆದ ಆ ಮೈದಾನದ ನೂರನೆಯ ವರ್ಷದಲ್ಲಿ, 2024ರ ನವೆಂಬರ್ 16ರಂದು, ಸುಕಪರ ತನ್ನ 35ನೆಯ ವರ್ಷದ ಕಛೇರಿಯನ್ನು ಅಲ್ಲಿ ನಡೆಸಿತು. ಯನಕ ಅವರಿಗೆ ಆಗ 57, ಇನ್ನೊಂದು ತಿಂಗಳಿಗೆ 58. ಕೊರಳಲ್ಲಿ ಅದೇ ತೂಕ.

ಈಗ ಒಕುದ ತಮಿಒ ಹಾಡಿರುವ, ಉರಿಯುವ ಕಾಡಿನ ಹಾಡನ್ನು ಕೇಳಿಸುತ್ತೇನೆ. ಜಪಾನಿ ಬಾರದವರು ಗಾಯಕನ ಮಾತಿಗೆ ಕಿವಿಗೊಡಬೇಕಾಗಿಲ್ಲ, ಬೇಕಾದರೆ ಮಾತ್ರೆ ಎಣಿಸಿಕೊಳ್ಳಬಹುದು. ಮೊದಲು ಗಿಟಾರಿನ ‘ಚಕ್’ ಹಿಡಿಯಿರಿ, ತೊಡೆಯ ಮೇಲೆ ನೀವೇ ಹಾಕಿದ್ದು ಅದು. ಆಮೇಲೆ ಬಾಸ್ ಗಿಟಾರನ್ನು ಹುಡುಕಿ. ಅದು ದುಂಡಗೆ, ಅಂಚಿಲ್ಲದೆ, ನಡೆಯುತ್ತಲೇ ಇರುತ್ತದೆ. ಊದುವಾದ್ಯಗಳೆಲ್ಲ ಒಟ್ಟಿಗೆ ಎರಗುವಲ್ಲಿ ಆ ಬಾಸಿನ ಸ್ವಲ್ಪ ಮೇಲೆ, ಟ್ರಾಂಬೋನಿನ ಕೆಳಗೆ, ಮರದ ಹಲಗೆಯನ್ನು ಗರಗಸ ಎಳೆದಂತೆ ತುಸು ಕೊರೆಯುವ ಒಂದು ನಾದವಿದೆ. ಮೊದಲ ಸಲ ಸಿಗದಿದ್ದರೆ ಸಂಕೋಚ ಬೇಡ, ಇನ್ನೊಮ್ಮೆ ಹಾಕುತ್ತೇನೆ.